ಎರಡೂಕಾಲು ಅಡಿ

ನನ್ನ ಕೆಲಸ ಅಳೆಯುವುದು. ಹಳೆಯ ಕಟ್ಟಡವೊಂದು ಕೈ ಬದಲಾಗುವ ಮೊದಲು ಅದರ ಗೋಡೆ, ಕಿಟಕಿ, ಮೆಟ್ಟಿಲುಗಳನ್ನೆಲ್ಲ ಅಳೆದು, ನಕ್ಷೆ ಬರೆದು ನಗರಸಭೆಗೆ ಒಪ್ಪಿಸುತ್ತೇನೆ. ಮೂವತ್ತು ವರ್ಷ ಇದನ್ನೇ ಮಾಡಿ ನಾನು ಕಲಿತದ್ದೇನೆಂದರೆ, ಕಟ್ಟಡಗಳ ಬಗ್ಗೆ ಜನ ಹೇಳುವುದರಲ್ಲಿ ಮುಕ್ಕಾಲು ಪಾಲು ಬುರುಡೆ. ಹಳೆಯದು ಎಂದರೆ ಸಾಕು, ಅದರಡಿ ಒಂದು ಸುರಂಗ ಇದ್ದೇ ಇರಬೇಕು. ಟೇಪು ಹಿಡಿದು ಇಳಿದು ನೋಡಿದರೆ ಸುರಂಗ ಹೋಗಿ ಚರಂಡಿಯಾಗಿರುತ್ತದೆ. ಹಾಗಾಗಿ, ಬಂಧು ಮಂಡಳಿಯ ಕಟ್ಟಡಕ್ಕೆ ಹೋದ ಮೊದಲ ದಿನ ಬಾಗಿಲು ತೆರೆದ ಮುದುಕರು, "ಒಳಗಿನದ್ದು ಹೊರಗೆ ಹೇಳೋ ಹಾಗಿಲ್ಲ ಕಣಮ್ಮ" ಎಂದಾಗ ನನಗೆ ಸಿಟ್ಟು ಮೂಗಿನ ತುದಿಗೆ ಬಂತು.

"ಹೇಳೋದು ಬೇಡ. ಅಳೆಯೋಕೆ ಬಿಟ್ರೆ ಸಾಕು," ಎಂದೆ.

"ಧಾರಾಳವಾಗಿ ಅಳೀರಿ. ಗೋಡೆ ತಾನಾಗೇ ಏನಾದ್ರೂ ಹೇಳಿದ್ರೆ ನಾನು ಜವಾಬ್ದಾರನಲ್ಲ," ಎಂದರು.

ಇದು ಆ ಮುದುಕರ ಕತೆ. ಅವರನ್ನು ಎಲ್ಲರೂ ಕಿಂಡಿಮಾವ ಎನ್ನುತ್ತಿದ್ದರು. ಮಂಡಳಿಯ ಸಭಾಂಗಣದ ಬಾಗಿಲಲ್ಲಿ ಗೇಣಗಲದ ಒಂದು ಕಿಂಡಿ ಇದೆ. ನಲವತ್ತೊಂದು ವರ್ಷ ಅದರ ಆಚೆ ಬದಿಯಲ್ಲಿ ನಿಂತವರು ಅವರು. ಸದಸ್ಯರ ಪಾಲಿಗೆ ಅವರೆಂದರೆ ಒಂದು ಕಣ್ಣು ಮತ್ತು ಅರ್ಧ ಮೀಸೆ.

ಅವರ ಬದುಕೆಲ್ಲ ಬಾಗಿಲಲ್ಲೇ ಕಳೆದದ್ದು. ಅಪ್ಪ ರೈಲ್ವೆ ಗೇಟು ಕಾಯುತ್ತಿದ್ದವರು. ಇವರು ಪ್ರಾಯದಲ್ಲಿ ಸಿನಿಮಾ ಮಂದಿರದಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದರು. ಒಂಬತ್ತು ವರ್ಷ ಅಲ್ಲಿದ್ದೂ ಒಂದೇ ಒಂದು ಸಿನಿಮಾವನ್ನು ಪೂರ್ತಿ ನೋಡಲಿಲ್ಲ. ಕತೆ ಸ್ವಲ್ಪ ಕುದುರಿತು ಎನ್ನುವಾಗ ತಡವಾಗಿ ಬಂದವರು ಯಾರೋ ಬಾಗಿಲು ಬಡಿಯುತ್ತಿದ್ದರಂತೆ. "ಕೊನೆಗೆ ಏನಾಯ್ತು ಅಂತ ಆಚೆ ಬರೋರ ಮುಖ ನೋಡೇ ತಿಳ್ಕೋಬೇಕಿತ್ತು," ಎಂದು ನಗುತ್ತಿದ್ದರು. ಮಂದಿರ ಮುಚ್ಚಿದ ಮೇಲೆ ಮೂವತ್ತಮೂರನೇ ವಯಸ್ಸಿನಲ್ಲಿ, ಹೆಂಡತಿ ಮತ್ತು ಪುಟ್ಟ ಮಗಳನ್ನು ಕಟ್ಟಿಕೊಂಡು ಬಂಧು ಮಂಡಳಿಗೆ ಬಂದರು. ಕಟ್ಟಡದ ತಾರಸಿಯ ಮೇಲೆ ಬಾಗಿಲವನಿಗೆಂದೇ ಕಟ್ಟಿಸಿದ ಎರಡು ಕೋಣೆಯ ಮನೆ ಇತ್ತು. ಸಂಸಾರ ಅಲ್ಲಿ ಹೂಡಿದರು.

ಹೆಂಡತಿ ಹೊಲಿಗೆಯವರು. ಕಟ್ಟಡದಲ್ಲಿ ಎಲ್ಲರಿಗೂ ಆಕೆ ಅಕ್ಕ. ಸಭೆಯಲ್ಲಿ ಸದಸ್ಯರು ಎದೆಗೆ ಅಡ್ಡವಾಗಿ ತೊಡುವ ನೀಲಿ ಪಟ್ಟಿಗಳನ್ನು ಹೊಲಿಯುವುದು, ಒಗೆಯುವುದು, ಇಸ್ತ್ರಿ ಮಾಡುವುದು, ಎಲ್ಲ ಅಕ್ಕನ ಕೆಲಸ. ಅದಕ್ಕಾಗಿ ಮೇಲಿನ ಮಹಡಿಯ ಒಂದು ಮೂಲೆಯಲ್ಲಿ ವಸ್ತ್ರದ ಕೋಣೆ ಇತ್ತು, ಅದರ ಬೀಗದ ಕೈ ಆಕೆಯ ಸೊಂಟದಲ್ಲಿತ್ತು. ಒಂಬತ್ತು ವರ್ಷದ ಹಿಂದೆ ಒಂದೇ ವಾರ ಮಲಗಿ ತೀರಿಕೊಂಡರು. ನಾನು ಆಕೆಯನ್ನು ನೋಡಿದವಳಲ್ಲ. ಆದರೆ ಅಳತೆ ತೆಗೆದ ಹನ್ನೊಂದು ದಿನದಲ್ಲಿ ಆಕೆಯ ಸುದ್ದಿ ಬಾರದ ದಿನವಿಲ್ಲ.

"ಯಾರ ಮನೇಲಿ ಕಾಯಿಲೆ ಅಂತ ಅವಳಿಗೆ ಹೇಗೋ ಗೊತ್ತಾಗಿಬಿಡ್ತಿತ್ತು," ಎಂದು ಕಿಂಡಿಮಾವ ಹೇಳುತ್ತಿದ್ದರು. "ಮಂಡಳಿಯವರು ಸಮಿತಿ ಮಾಡಿ, ಯಾರು ಹೋಗೋದು ಅಂತ ಮಾತಾಡೋ ಹೊತ್ತಿಗೆ ಇವಳು ಹೋಗಿ, ಮಕ್ಕಳಿಗೆ ತಲೆ ಬಾಚಿ, ಗಂಜಿ ಕಾಸಿಟ್ಟು, ವಾಪಸ್ ಬಂದಾಗಿರ್ತಿತ್ತು. ಹೆಂಗೇ ಗೊತ್ತಾಯ್ತು ಅಂದ್ರೆ, 'ಪಟ್ಟಿ ಒಗೆಯೋಕೆ ಕೊಟ್ಟಾಗ ಮುಖ ನೋಡ್ದೆ' ಅನ್ನೋಳು."

"ನಿಮ್ಮ ಮುಖ ನೋಡಿ ಏನಾದ್ರೂ ಹೇಳಿದ್ರಾ?" ಎಂದು ಕೇಳಿದೆ.

"ನನ್ನ ಮುಖದಲ್ಲಿ ಏನಿದೆ ಮಣ್ಣು? ಒಂದ್ಸಲ ಸುಡು ಬೇಸಿಗೆಯಲ್ಲಿ ಮೊಣಕಾಲಿಗೆ ಉಣ್ಣೆ ಪಟ್ಟಿ ಹೊಲಿದು ಕೊಟ್ಳು. ಬೇಸಿಗೆಯಲ್ಲಿ ಉಣ್ಣೆ! ಯಾಕೇ ಅಂದ್ರೆ, ಚಳಿಗಾಲ ಬರಲ್ವಾ ಅಂದ್ಳು. ಅಷ್ಟು ಜಾಣೆ."

ಈಗ ಕಟ್ಟಡದ ವಿಷಯ. ನೂರಹತ್ತು ವರ್ಷದ ಹಿಂದೆ ಈ ನಗರದ ಗಾರೆಯವರು, ಬಡಗಿಗಳು, ಬೀಗ ಮಾಡುವವರು, ಬಣ್ಣದವರು ಸೇರಿ ಒಂದು ಮಂಡಳಿ ಕಟ್ಟಿಕೊಂಡರು. ಉದ್ದೇಶ ಸರಳ: ಒಬ್ಬ ಹಾಸಿಗೆ ಹಿಡಿದರೆ ಉಳಿದವರು ಪಕ್ಕದಲ್ಲಿ ಕೂರಬೇಕು, ಒಬ್ಬ ಸತ್ತರೆ ಉಳಿದವರು ಹೊರಬೇಕು. ಇಷ್ಟಕ್ಕೆ ಗುಟ್ಟು ಯಾಕೆ ಬೇಕಿತ್ತೋ ನನಗೆ ತಿಳಿಯದು. ಗಂಡಸರು ನಾಲ್ಕು ಜನ ಸೇರಿ ಒಳ್ಳೆಯ ಕೆಲಸ ಮಾಡಬೇಕಾದರೂ ಬಾಗಿಲು ಹಾಕಿಕೊಂಡು, ಪಟ್ಟಿ ತೊಟ್ಟು, ಮೂರು ಸಲ ತಟ್ಟಿ, ಆಮೇಲೆ ಮಾಡುತ್ತಾರೆ. ಇವರೂ ಹಾಗೆಯೇ. ಸೇರುವ ಪ್ರತಿಯೊಬ್ಬನೂ ಪ್ರತಿಜ್ಞೆ ಮಾಡಬೇಕು: "ಒಳಗೆ ಕೇಳಿದ್ದನ್ನು ಹೊರಗೆ ಒಯ್ಯುವುದಿಲ್ಲ, ಸಂಕಟದಲ್ಲಿರುವ ಬಂಧುವಿಗೆ ನೆರವಾಗುವುದಕ್ಕೆ ಹೊರತು." ಬಾಗಿಲವನ ಪ್ರತಿಜ್ಞೆಗೆ ಒಂದು ಸಾಲು ಹೆಚ್ಚು: "ಬಂಧುವಲ್ಲದವರ ಕಣ್ಣು, ಕಿವಿ ಈ ಬಾಗಿಲು ದಾಟದಂತೆ ನಿಂತು ಕಾಯುತ್ತೇನೆ." ಅದನ್ನು ಅವನು ಹೊಸ್ತಿಲ ಹೊರಗೆ ನಿಂತೇ ಹೇಳಬೇಕು. ಬಾಗಿಲವನೂ ಸದಸ್ಯನೇ, ಅವನಿಗೂ ಮತ ಉಂಟು. ಆದರೆ ಸಭೆ ಸೇರಿದಾಗ ಅವನು ಒಳಗೆ ಕಾಲಿಡುವಂತಿಲ್ಲ. ಸಭಾಂಗಣವನ್ನು ಗುಡಿಸುವವರು ಇವರು, ಕುರ್ಚಿ ಜೋಡಿಸುವವರು ಇವರು, ದೀಪ ಹಚ್ಚುವವರು ಇವರು. ಅಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿಲ್ಲದವರೂ ಇವರೊಬ್ಬರೇ.

ಕಟ್ಟಡ ಮೂರು ಮಹಡಿಯದು, ಎರಡು ಬೀದಿ ಕೂಡುವ ಮೂಲೆಯಲ್ಲಿದೆ. ಕೆಂಪು ಇಟ್ಟಿಗೆ, ನಡುನಡುವೆ ಬಿಳಿ ಕಲ್ಲಿನ ಪಟ್ಟೆ. ನೆಲಮಹಡಿಯಲ್ಲಿ ಅಂಗಡಿಗಳು, ನಡುವಿನ ಮಹಡಿಯಲ್ಲಿ ಊಟದ ಕೋಣೆ ಮತ್ತು ಓದುವ ಕೋಣೆ, ಮೇಲೆ ಸಭಾಂಗಣ. ಬೀದಿಯಲ್ಲಿ ನಿಂತು ನೋಡಿದರೆ ಮೇಲಿನ ಮಹಡಿಗೆ ಐದು ಎತ್ತರದ ಕಿಟಕಿ. ಕಮಾನು, ಗಾಜು, ಅರ್ಧ ಮುಚ್ಚಿದ ಮರದ ಬಾಗಿಲು, ಎಲ್ಲ ಸರಿಯಾಗಿಯೇ ಇದೆ. ಒಳಗೆ ಹೋಗಿ ನೋಡಿದರೆ ಒಂದು ಕಿಟಕಿಯೂ ಇಲ್ಲ. ನಾಲ್ಕು ಕಡೆಯೂ ಗೋಡೆ. ಅದರ ಮೇಲೆ ಎದೆಯೆತ್ತರದಲ್ಲಿ ಸಾಲಾಗಿ ಗಾರೆಯ ಹೂಗಳು, ಹೂವಿನ ಎಸಳುಗಳ ನಡುವೆ ಗಾಳಿಗೆಂದು ಕೊರೆದ ಸೀಳುಗಳು. ಬೀದಿಯ ಅಂದಕ್ಕೆ ಕಿಟಕಿ ಇರಲೇಬೇಕು ಎಂದು ಅಂದಿನ ನಗರಸಭೆ ಹಟ ಹಿಡಿಯಿತಂತೆ. ಒಳಗೆ ಯಾರೂ ಇಣುಕಕೂಡದು ಎಂದು ಮಂಡಳಿ ಹಟ ಹಿಡಿಯಿತಂತೆ. ಕಟ್ಟಿದವನು ಇಬ್ಬರಿಗೂ ಬೇಕಾದ್ದನ್ನು ಕೊಟ್ಟು ಕೈ ತೊಳೆದುಕೊಂಡ.

ನಾನು ಹೋದಾಗ ಮಂಡಳಿಯಲ್ಲಿ ಉಳಿದಿದ್ದವರು ಒಳಗಿನ ಆರು ಜನ, ಹೊರಗಿನ ಕಿಂಡಿಮಾವ. ಕಟ್ಟಡವನ್ನು ವಾಚನಾಲಯ ಮಾಡಲು ನಗರಸಭೆಗೆ ಬಿಟ್ಟುಕೊಡುವುದು ತೀರ್ಮಾನವಾಗಿತ್ತು. ಇನ್ನು ಒಂದೇ ಸಭೆ ಬಾಕಿ. ಅದಕ್ಕೆ ಮೊದಲು ಆ ಆರು ಜನರ ಆಸೆ ಒಂದಿತ್ತು. ಮೆಟ್ಟಿಲ ಬಳಿ ಒಂದು ಮರದ ಹಲಗೆ ಇದೆ. ಕೊನೆಯವರೆಗೂ ಮಾತು ತಪ್ಪದೆ ಬಾಗಿಲು ಕಾದ ನಾಲ್ವರ ಹೆಸರು ಅದರಲ್ಲಿ ಕೆತ್ತಿದೆ. ಐದನೆಯ ಜಾಗ ಖಾಲಿ. ಅಲ್ಲಿ ಕಿಂಡಿಮಾವನ ಹೆಸರು ಬರಬೇಕು. ಆದರೆ ಈ ಮಂಡಳಿಯಲ್ಲಿ ಏನೇ ಆಗಬೇಕಾದರೂ ಗೋಲಿ ಹಾಕಬೇಕು. ಕತ್ತಲ ಪೆಟ್ಟಿಗೆಗೆ ಕೈ ತೂರಿಸಿ, ಒಪ್ಪಿಗೆ ಇದ್ದರೆ ಬಿಳಿ ಗೋಲಿ, ಇಲ್ಲದಿದ್ದರೆ ಕರಿ ಗೋಲಿ ಹಾಕಬೇಕು. ಒಂದೇ ಒಂದು ಕರಿ ಬಿದ್ದರೂ ಮಾತು ಬಿದ್ದಂತೆ. ಇನ್ನೊಂದೇ ಸಲ, ಮುಂದಿನ ಸಭೆಯಲ್ಲಿ, ಮತ್ತೆ ಹಾಕಬಹುದು.

ಹಾಕಿದರು. ಆರು ಬಿಳಿ, ಒಂದು ಕರಿ.

ಇದನ್ನು ನನಗೆ ಹೇಳಿದವರು ನೆಲಮಹಡಿಯ ಗಡಿಯಾರ ರಿಪೇರಿಯವರು. ಆರು ಜನರಲ್ಲಿ ಅವರೊಬ್ಬರು. ಒಳಗಿನದ್ದು ಹೊರಗೆ ಹೇಳಬಾರದು ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು. "ಆ ಔಷಧಿ ಅಂಗಡಿಯವನೇ ಹಾಕಿದ್ದು, ಬೇರೆ ಯಾರು?" ಎಂದು ಹಲ್ಲು ಕಡಿದರು. ಔಷಧಿ ಅಂಗಡಿಯವರು ಮಂಡಳಿಯ ಅಧ್ಯಕ್ಷರು. ಅವರನ್ನು ಕೇಳಿದರೆ, "ಗಡಿಯಾರದವನಿಗೆ ಮೊದಲಿಂದಲೂ ಹೊಟ್ಟೆಕಿಚ್ಚು" ಎಂದರು. ಮೂವತ್ತು ವರ್ಷದಿಂದ ಓದುವ ಕೋಣೆಯಲ್ಲಿ ಇಬ್ಬರೂ ದಿನಾ ಚದುರಂಗ ಆಡುತ್ತಿದ್ದವರು. ಮಣೆಯ ಮೇಲೆ ಅರ್ಧ ಆಟ ಹಾಗೇ ನಿಂತು ಧೂಳು ತಿನ್ನುತ್ತಿತ್ತು. ಉಳಿದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೂರಹತ್ತು ವರ್ಷದ ಬಂಧುತ್ವ ಒಂದು ಕರಿ ಗೋಲಿಗೆ ಮುರಿದು ಬಿತ್ತು.

ಕಿಂಡಿಮಾವ ಮಾತ್ರ ಏನೂ ಆಗಿಲ್ಲವೆಂಬಂತೆ ಪೊರಕೆ ಹಿಡಿದು ಓಡಾಡುತ್ತಿದ್ದರು. ಎಪ್ಪತ್ನಾಲ್ಕರ ಮನುಷ್ಯ, ಬೆನ್ನು ನೆಟ್ಟಗೆ, ಕೋಟಿನ ಗುಂಡಿ ಕತ್ತಿನವರೆಗೂ. ನಡೆಯುವಾಗ ಮಾತ್ರ ಕಾಲು ಕೊಂಚ ಎಳೆಯುತ್ತಿತ್ತು. ಸಭಾಂಗಣದ ಹೊರಗೆ, ಅವರು ನಿಲ್ಲುವ ಜಾಗದ ಪಕ್ಕದಲ್ಲೇ, ಕೈಯಿರುವ ಒಳ್ಳೆಯ ಕುರ್ಚಿ ಇತ್ತು. ಅದನ್ನು ದಿನಾ ಒರೆಸುತ್ತಿದ್ದರು. ಕೂತದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

"ಕೂತ್ಕೊಳ್ಳಿ ಮಾವ, ಯಾರೂ ಇಲ್ಲ," ಎಂದರೆ, "ಅದು ಬಂದೋರಿಗೆ. ನಾನು ನಿಂತು ಕಾಯಬೇಕು ಅನ್ನೋದು ಮಾತು," ಎನ್ನುತ್ತಿದ್ದರು.

ಒಂಬತ್ತನೇ ದಿನ ಲೆಕ್ಕ ತಪ್ಪಿತು. ಸಭಾಂಗಣದ ಕಡೆ ಕಟ್ಟಡದ ಹೊರ ಅಗಲ ನಲವತ್ತೆರಡು ಅಡಿ. ಎರಡು ಬದಿಯ ಗೋಡೆ ಒಂದೂವರೆ ಒಂದೂವರೆ, ಮೂರಡಿ. ಒಳಗೆ ಮೂವತ್ತೊಂಬತ್ತು ಇರಬೇಕು. ಇದ್ದದ್ದು ಮೂವತ್ತಾರು. ಮೂರು ಸಲ ಅಳೆದೆ. ಬೀದಿಯ ಬದಿಯ ಗೋಡೆಯನ್ನು ಬೆರಳಿನಿಂದ ತಟ್ಟಿದರೆ ಡಬ್ಬದ ಸದ್ದು. ಅದು ಮುಕ್ಕಾಲಡಿಯ ಗೋಡೆ, ಅದರಾಚೆ ಟೊಳ್ಳು, ಅದರಾಚೆ ಕಿಟಕಿಯ ಗೋಡೆ. ಸುಳ್ಳು ಕಿಟಕಿಯಿಂದ ಗಾಳಿ ಬಂದು ಗಾರೆ ಹೂಗಳ ಸೀಳಿನಿಂದ ಒಳಕ್ಕೆ ಹೋಗಲೆಂದು ಬಿಟ್ಟ ಸಂದು, ಎರಡೂಕಾಲು ಅಡಿ ಅಗಲದ್ದು. ಕಟ್ಟಿದವನ ಜಾಣ್ಮೆಗೆ ಮನಸ್ಸಿನಲ್ಲೇ ಕೈ ಮುಗಿದೆ.

"ಮಾವ, ಈ ಸಂದಿಗೆ ಹೋಗೋದು ಹೇಗೆ?"

ಅವರ ಕೈಯ ಪೊರಕೆ ನಿಂತಿತು. "ಯಾವ ಸಂದು?" ಎಂದರು.

"ಸುಳ್ಳು ಹೇಳೋಕೆ ನಿಮಗೆ ಬರಲ್ಲ. ನಾನು ನಕ್ಷೆಯಲ್ಲಿ ಅದನ್ನ ಬರೀಲೇಬೇಕು."

ಪೊರಕೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಬಾಗಿಲ ಪಕ್ಕದ ಪೊರಕೆ ಕೋಣೆಗೆ ಹೋಗಿ, ಕೋಲುಗಳನ್ನು ಸರಿಸಿ, ಹಿಂದಿನ ಮರದ ಹಲಗೆಯನ್ನು ತೋರಿಸಿದರು. ನನ್ನ ಕಡೆ ನೋಡದೆ ಹೇಳತೊಡಗಿದರು.

"ಇಲ್ಲಿಗೆ ಬಂದು ಹತ್ತನೇ ವರ್ಷ. ಅವಳು ಒಂದೇ ಸಮ ಪೀಡಿಸೋಳು. 'ಪಟ್ಟಿ ಹೊಲಿಯೋಳು ನಾನು, ತೊಟ್ಟಾಗ ಹೆಂಗೆ ಕಾಣತ್ತೆ ಅಂತ ಒಂದ್ಸಲ ನೋಡಬಾರ್ದಾ' ಅಂತ. ಒಂದ್ಸಲ, ಒಂದೇ ಒಂದ್ಸಲ ಈ ಹಲಗೆ ತೆಗೆದು ಒಳಗೆ ಬಿಟ್ಟೆ. ನಾನು ಹೊರಗೆ ನಿಂತು, ಬಂಧುವಲ್ಲದವರ ಕಣ್ಣು, ಕಿವಿ ದಾಟದಂತೆ ಕಾಯ್ತಾ ಇದ್ದೆ! ಆಚೆ ಬಂದು, 'ಏನೂ ಇಲ್ಲ ಕಣ್ರೀ, ಬರೀ ಕುರ್ಚಿ ಎಳೆಯೋ ಸದ್ದು' ಅಂದ್ಳು. ಅಷ್ಟೇ. ಮತ್ತೆ ಯಾವತ್ತೂ ಕೇಳ್ಲಿಲ್ಲ. ಆದ್ರೆ ನಾನು ಮಾತು ಮುರಿದಿದ್ದು ಮುರಿದದ್ದೇ ಅಲ್ವಾ?"

ನನಗೆ ಥಟ್ಟನೆ ಹೊಳೆಯಿತು. "ಆ ಕರಿ ಗೋಲಿ..."

"ನಂದೇ," ಎಂದರು. "ಪೆಟ್ಟಿಗೆ ಕಿಂಡಿಯಿಂದ ನನಗೂ ಬರತ್ತೆ. ಮೆಟ್ಟಿಲ ಹತ್ರ ಇರೋದು ಮಾತು ತಪ್ಪದೆ ಕಾದವರ ಹಲಗೆ. ಸುಳ್ಳು ಹೆಸರು ಹೆಂಗೆ ಕೆತ್ತಿಸ್ಕೊಳ್ಳಲಿ?"

ತನ್ನ ಮೇಲೆ ತಾನೇ ಕರಿ ಹಾಕಿಕೊಳ್ಳುವ ಮನುಷ್ಯ ಇರುತ್ತಾನೆಂದು ಆ ಆರು ಜನರಿಗೆ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ನನಗಂತೂ ತಲೆ ಚಚ್ಚಿಕೊಳ್ಳುವಂತಾಯಿತು. "ಅವರಿಗೆ ಹೇಳಬಾರದಾ? ಗಡಿಯಾರದವರೂ ಔಷಧಿಯವರೂ ಮುಖ ಮುಖ ನೋಡ್ತಿಲ್ಲ!"

"ಹೇಳಿದ್ರೆ ಅವಳ ಹೆಸರು ಬರತ್ತೆ. ನನ್ನ ತಪ್ಪಿಗೆ ಅವಳ ಹೆಸರು ಯಾಕೆ? ಎಲ್ಲರೂ ಅಕ್ಕ ಅಕ್ಕ ಅಂತಿದ್ರು." ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡರು. "ಕಿಂಡಿಯಲ್ಲಿ ಇಣುಕೋ ಚಾಳಿ ಇತ್ತು ಅಂದ್ಕೊಳ್ಳಲ್ವಾ ಜನ?"

ಹಲಗೆ ತೆಗೆದು ನಾನು ಒಳಗೆ ಹೋದೆ. ಅವರು ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರು ಆ ಹಲಗೆಯನ್ನು ಮತ್ತೆ ಮುಟ್ಟಿದವರೇ ಅಲ್ಲ.

ಒಳಗೆ ಅಡ್ಡಡ್ಡ ನಡೆಯಬೇಕು. ಎಡಕ್ಕೆ ಕಪ್ಪು ಬಳಿದ ಕಿಟಕಿ ಗಾಜುಗಳು, ಬಲಕ್ಕೆ ಗಾರೆ ಮೆತ್ತಿದ ಗೋಡೆ, ಸೀಳುಗಳಿಂದ ಬೀಳುವ ಸಣ್ಣ ಬೆಳಕು. ಸೀಳಿಗೆ ಕಣ್ಣಿಟ್ಟರೆ ಸಭಾಂಗಣ ಪೂರ್ತಿ ಕಾಣುತ್ತದೆ. ಐದನೇ ಕಿಟಕಿಯ ಬಳಿ ಟಾರ್ಚು ಹಾಕಿದವಳು ಅಲ್ಲೇ ನಿಂತೆ. ನೆಲದ ಮೇಲೆ ಒಂದು ಕುಳ್ಳ ಮಣೆ. ಮಣೆಯ ಮೇಲೆ ಮೆತ್ತೆ. ನೀಲಿ ಪಟ್ಟಿಗಳ ಚೂರುಗಳನ್ನು ಜೋಡಿಸಿ ಹೊಲಿದ ಮೆತ್ತೆ, ಕೂತು ಕೂತು ನಡುವೆ ತಗ್ಗಾದದ್ದು. ಒಂದು ಸಲ ಬಂದು ಹೋದವರು ಮೆತ್ತೆ ಹೊಲಿದುಕೊಂಡು ಬರುವುದಿಲ್ಲ.

ಮಣೆಯ ಎದುರಿನ ಗೋಡೆಯ ತುಂಬ ಬರಹ. ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ನೀಲಿ ಅಕ್ಷರ. ಮಬ್ಬಿನಲ್ಲಿ ಬರೆದದ್ದು, ಸಾಲಿನ ಮೇಲೆ ಸಾಲು ಹತ್ತಿಕೊಂಡಿತ್ತು. "ಬೇಕರಿ ಪಕ್ಕದ ಓಣಿ, ಬಡಗಿ. ಕೆಮ್ಮು, ರಕ್ತ. ಹೆಂಡತಿ ಬಸುರಿ." "ಹೆಡ್ ಮಾಸ್ತರರ ತಾಯಿ ಬಿದ್ದಿದ್ದಾರೆ. ರಾತ್ರಿ ಕೂರೋಕೆ ಯಾರೂ ಇಲ್ಲ." "ಸೇತುವೆ ಆಚೆ, ಬಣ್ಣದವರು. ಕೆಲಸ ಹೋಗಿದೆ, ಮನೇಲಿ ಹೇಳಿಲ್ಲ. ಮಗುವಿಗೆ ಸ್ವೆಟರ್." "ಔಷಧಿ ಅಂಗಡಿಯವರ ಮಗಳಿಗೆ ಜ್ವರ ಏಳನೇ ದಿನ." ಪ್ರತಿಯೊಂದರ ಮುಂದೆಯೂ ಆಮೇಲೆ ಎಳೆದ ಒಂದು ಗೀಟು, ಆ ಮನೆಗೆ ಹೋಗಿ ಬಂದ ಗುರುತು. ಸಭೆಯ ಕೊನೆಯಲ್ಲಿ ಯಾರು ಕಾಯಿಲೆ, ಯಾರು ಕಷ್ಟದಲ್ಲಿ ಎಂದು ಒಬ್ಬೊಬ್ಬರೇ ಎದ್ದು ಹೇಳುವ ಪದ್ಧತಿ ಮಂಡಳಿಯಲ್ಲಿ ಮೊದಲಿನಿಂದಲೂ ಇದೆ. ಅಕ್ಕ ಬಂದು ಕೂರುತ್ತಿದ್ದದ್ದು ಅದಕ್ಕೆ. ಸಂದಿನ ಆ ತುದಿಯ ಹಲಗೆ ತಳ್ಳಿದೆ. ವಸ್ತ್ರದ ಕೋಣೆಯ ಬೀರುವಿನ ಹಿಂಬದಿಗೆ ತೆರೆದುಕೊಂಡಿತು.

ನಾನು ಆ ಮೆತ್ತೆಯ ಮೇಲೆ ಕೂತುಬಿಟ್ಟೆ. ಕಣ್ಣು ತುಂಬಿ ಬಂತು. ಧೂಳು ಬಿತ್ತು ಎಂದು ನೆಪ ಹೇಳುವ ವಯಸ್ಸು ನನ್ನದಲ್ಲ.

ಹೊರಗೆ ಬಂದು, ಟಿಪ್ಪಣಿ ಪುಸ್ತಕದಲ್ಲಿ ಇಳಿಸಿಕೊಂಡದ್ದನ್ನು ಓದಿ ಹೇಳಿದೆ. ಕಿಂಡಿಮಾವ ಪೊರಕೆಯ ಮೇಲೆ ಗದ್ದ ಊರಿ ಕೇಳಿದರು. ಮೆತ್ತೆಯ ವಿಷಯ ಬಂದಾಗ ಬಾಯಿ ತೆರೆದರು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ತಿಂಗಳಿಗೆ ಎರಡು ಸಭೆ, ಇಪ್ಪತ್ತೆರಡು ವರ್ಷ.

"ಐನೂರಕ್ಕೂ ಮೇಲೆ," ಎಂದರು. "ನಾನು ಈ ಕಡೆ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದೀನಿ, ಇವಳು ಆ ಕಡೆ ಮೆತ್ತೆ ಹಾಕ್ಕೊಂಡು ಕೂತಿದ್ದಾಳೆ! ಇಸ್ತ್ರಿ ಮಾಡ್ತಾ ಇದ್ದೀನಿ ಅನ್ನೋಳು." ನಗು ಬಂತು ಅವರಿಗೆ. ನಗು ಅರ್ಧಕ್ಕೆ ನಿಂತಿತು. "ಒಂದು ಸಲಕ್ಕೇ ಒಂದು ಕರಿ ಹಾಕಿದ್ದೆ. ಐನೂರು ಸಲಕ್ಕೆ ಏನು ಹಾಕಲಿ, ಹೇಳಿ?"

"ಪ್ರತಿಜ್ಞೆ ಇನ್ನೊಂದ್ಸಲ ಹೇಳಿ ನೋಡೋಣ. 'ಹೊರತು' ಅಂತ ಒಂದು ಮಾತಿದೆಯಲ್ಲ."

"ಅದು ಬಂಧುಗಳಿಗೆ ಕಣಮ್ಮ. ಅವಳು ಬಂಧು ಅಲ್ವಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದರು. ಇಂಥ ಹಟದವರ ಜೊತೆ ಆಕೆ ಹೇಗೆ ಸಂಸಾರ ಮಾಡಿದರೋ ಎನಿಸಿತು. ಹೇಗೆಂದು ಗೋಡೆಯೇ ಹೇಳುತ್ತಿತ್ತು: ಕೇಳದೆ, ಹೇಳದೆ, ತನ್ನ ದಾರಿ ತಾನು ಹಿಡಿದು.

ಆದರೆ ಮುಚ್ಚಿಡುವುದು ಇನ್ನು ಸಾಧ್ಯವಿರಲಿಲ್ಲ. ನಕ್ಷೆಯಲ್ಲಿ ಸಂದು ಬರುತ್ತದೆ, ನಾಳೆ ನಗರಸಭೆಯ ಗಾರೆಯವರು ಸುಣ್ಣ ಹೊಡೆಯಲು ಒಳಗೆ ಹೋಗುತ್ತಾರೆ. "ಅವರ ಬಾಯಿಂದ ಕೇಳೋದಕ್ಕಿಂತ ನನ್ನ ಬಾಯಿಂದ ಕೇಳಲಿ," ಎಂದರು ಕಿಂಡಿಮಾವ.

ಕೊನೆಯ ಸಭೆ ಶನಿವಾರ ಸಂಜೆ ಐದಕ್ಕೆ. ಆರು ಜನ ಆರು ಕಡೆ ನೋಡುತ್ತ ಮೆಟ್ಟಿಲು ಹತ್ತಿ ಬಂದರು. ಸಭೆ ತೆರೆಯುವ ಮೊದಲೇ ಕಿಂಡಿಮಾವ ಬಾಗಿಲಿಗೆ ಅಡ್ಡ ನಿಂತರು.

"ಆ ಕರಿ ಗೋಲಿ ನಂದು. ನೀವು ನೀವು ಜಗಳ ಆಡಬೇಡಿ," ಎಂದರು. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟರು: ಹತ್ತನೇ ವರ್ಷದ್ದು, ಹಲಗೆಯದು, ಐನೂರು ಸಲದ್ದು.

ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸತೊಡಗಿದರು. ಗಡಿಯಾರದವರು ಕೋಟಿನ ಜೇಬಿನಿಂದ ತಮ್ಮ ಭೂತಗನ್ನಡಿ ತೆಗೆದು, "ಎಲ್ಲಿ, ತೋರಿಸಿ" ಎಂದರು. ಆರು ಜನರಲ್ಲಿ ಆ ಸಂದಿನಲ್ಲಿ ತೂರುವ ಮೈ ಅವರದೊಂದೇ. ನನ್ನ ಟಾರ್ಚು ಹಿಡಿದು ಒಳಗೆ ಹೋದರು. ಉಳಿದ ಐವರು ಸಭಾಂಗಣದಲ್ಲಿ ಗಾರೆ ಹೂಗಳ ಮುಂದೆ ನಿಂತರು. ಕಿಂಡಿಮಾವ ಹೊಸ್ತಿಲ ಹೊರಗೇ ನಿಂತರು. ಸಭೆ ಇನ್ನೂ ತೆರೆದಿಲ್ಲ, ಬನ್ನಿ ಎಂದರೂ ಬರಲಿಲ್ಲ.

ಗೋಡೆಯೊಳಗಿಂದ ಗಡಿಯಾರದವರ ಧ್ವನಿ ಬಂತು. ಒಂದೊಂದೇ ಸಾಲು ಓದುತ್ತಿದ್ದರು. ಹೆಡ್ ಮಾಸ್ತರರ ತಾಯಿಯ ಸಾಲು ಬಂದಾಗ, ಐವರಲ್ಲಿ ಒಬ್ಬರಾದ ಆ ಹಳೆಯ ಹೆಡ್ ಮಾಸ್ತರರು ಗೋಡೆಗೆ ಕೈ ಕೊಟ್ಟು ನಿಂತರು. ಮಗಳ ಜ್ವರದ ಸಾಲು ಬಂದಾಗ ಔಷಧಿ ಅಂಗಡಿಯವರು, "ಅದು ಹದಿನಾಲ್ಕನೇ ದಿನ ಬಿಟ್ಟಿತು. ಅಲ್ಲಿವರೆಗೂ ಅಕ್ಕ ದಿನಾ ಬಂದ್ರು. ನಾನು ಕರೆದೇ ಇರಲಿಲ್ಲ," ಎಂದರು. ಒಳಗಿನ ಧ್ವನಿ ಸ್ವಲ್ಪ ತಡೆಯಿತು. "ಗಡಿಯಾರದವರು. ಹೆಂಡತಿ ತೀರಿಕೊಂಡ ಮೇಲೆ ಊಟ ಮಾಡ್ತಿಲ್ಲ. ಔಷಧಿಯವರು ಹೇಳಿದ್ರು, ಹೇಳ್ತಾ ಅತ್ತರು."

ಆಮೇಲೆ ಧ್ವನಿ ಕೆಳಗಿನಿಂದ ಬಂತು. ನೆಲದ ಹತ್ತಿರ ಬಗ್ಗಿರಬೇಕು. ನಾನು ಅಲ್ಲಿಗೆ ಟಾರ್ಚು ಹಾಕಿರಲೇ ಇಲ್ಲ.

"ಇಲ್ಲೊಂದಿದೆ. 'ನಮ್ಮವರು. ಎರಡೂ ಮೊಣಕಾಲು. ನನಗೂ ಹೇಳಿಲ್ಲ. ಬಾಗಿಲ ಹತ್ರ ಕುರ್ಚಿ ಹಾಕಿಸ್ತಾರಂತೆ. ಇವರೆಲ್ಲಿ ಕೂರ್ತಾರೆ. ಉಣ್ಣೆ ಪಟ್ಟಿ.' ಮುಂದೆ ಗೀಟಿದೆ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಕಿಂಡಿಮಾವನ ಕೈ ತಾನಾಗಿಯೇ ಮೊಣಕಾಲಿಗೆ ಹೋಗಿತ್ತು.

"ನಾನು ಯಾರಿಗೂ ಹೇಳಿರಲಿಲ್ಲ," ಎಂದರು. "ಕೆಲಸ ಬಿಡಿಸ್ತೀರಿ ಅಂತ."

"ಕಿಂಡಿಯಲ್ಲಿ ನೋಡಿದ್ರೆ ಗೊತ್ತಾಗಲ್ವಾ? ಒಂದು ಕಾಲಿಂದ ಇನ್ನೊಂದು ಕಾಲಿಗೆ ತೂಗ್ತಾ ಇದ್ರಿ," ಎಂದರು ಔಷಧಿ ಅಂಗಡಿಯವರು. "ಆ ಕುರ್ಚಿ ನಿಮಗೇ ಹಾಕಿಸಿದ್ದು ಮಾರಾಯ್ರೆ. ಹನ್ನೆರಡು ವರ್ಷ ಆಯ್ತು. ಕೂತ್ಕೊಳ್ಳಲ್ಲ ಅಂತ ನಮಗೆ ಬೇಜಾರಿತ್ತು."

"ಬಂದೋರಿಗೆ ಅಂದ್ಕೊಂಡೆ," ಎಂದರು ಕಿಂಡಿಮಾವ.

ಗಡಿಯಾರದವರು ಮೈಯೆಲ್ಲ ಧೂಳಾಗಿ ಹೊರಗೆ ಬಂದರು. ಔಷಧಿಯವರು ಅವರ ಹೆಗಲ ಧೂಳು ಕೊಡವಿದರು. ಅಧ್ಯಕ್ಷರ ಧ್ವನಿಯಲ್ಲಿ ಔಷಧಿಯವರು, "ಹಲಗೆಯ ಹೆಸರಿಗೆ ಮತ್ತೆ ಹಾಕೋಣ. ತಪ್ಪು ಇದೆಯೋ ಇಲ್ಲವೋ ಗೋಲಿ ಹೇಳಲಿ," ಎಂದರು. ಬಂಧುವಲ್ಲದವಳು ನಾನು, ಹೊರಗೆ ಉಳಿದೆ. ಬಾಗಿಲು ಹಾಕಿಕೊಂಡಿತು.

ಕಿಂಡಿಮಾವ ತಮ್ಮ ಜಾಗದಲ್ಲಿ ನಿಂತರು. ಒಳಗೆ ಗೋಲಿಗಳು ಒಂದೊಂದಾಗಿ ಬೀಳುವ ಸದ್ದು ಆರು ಸಲ ಕೇಳಿತು. ಕಿಂಡಿ ತೆರೆದು ಪೆಟ್ಟಿಗೆ ಹೊರಗೆ ಬಂತು, ಜೊತೆಗೆ ಚಿಕ್ಕ ತಟ್ಟೆಯಲ್ಲಿ ಒಂದು ಬಿಳಿ, ಒಂದು ಕರಿ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರು ಸುಮ್ಮನೆ ನಿಂತರು. ನಾನು ಬೇರೆ ಕಡೆ ತಿರುಗಬೇಕಿತ್ತು, ತಿರುಗಲಿಲ್ಲ.

"ಇವರೆಲ್ಲಿ ಕೂರ್ತಾರೆ ಅಂತೆ," ಎಂದರು, ನನಗಲ್ಲ.

ಆಮೇಲೆ ಹಿಂದಕ್ಕೆ ಕೈ ಚಾಚಿ ಕುರ್ಚಿಯ ಕೈಯನ್ನು ತಡವಿ, ನಿಧಾನವಾಗಿ, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು ಮಡಿಸಿ ಕೂತರು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಲಿ ಹಾಕಿದರು. ತಟ್ಟೆಯಲ್ಲಿ ಕರಿ ಉಳಿಯಿತು.

ಪೆಟ್ಟಿಗೆಯನ್ನು ನಾನೇ ಕಿಂಡಿಯವರೆಗೆ ಒಯ್ದು ಕೊಟ್ಟೆ. ಒಳಗೆ ಎಣಿಸಿದರು. "ಏಳೂ ಬಿಳಿ," ಎಂದ ಧ್ವನಿ ಕೇಳಿತು. ಸಭೆ ಮುಗಿದ ಗುರುತಾಗಿ ಒಳಗಿನಿಂದ ಮೂರು ಸಲ ಬಾಗಿಲು ತಟ್ಟಿದರು. ಬಾಗಿಲವನು ಹೊರಗೆ ನಿಂತು, ಮೂರು ಸಲ ತಟ್ಟಿ ಉತ್ತರ ಕೊಡಬೇಕು ಎಂಬುದು ನಿಯಮ. ಕಿಂಡಿಮಾವ ಏಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ತಟ್ಟಿದರು.